ಪಕ್ಕ ಅಂದರೆ ಎಷ್ಟು ದೂರ?

ಕಳೆದ ತಿಂಗಳು ನಮ್ಮ ಗುರುಗಳ ಪುಣ್ಯತಿಥಿಗೆ ಶಿಷ್ಯರೆಲ್ಲ ಸೇರಿ ಆನ್‌ಲೈನ್ ಸ್ವರಾಂಜಲಿ ಮಾಡಿದೆವು. ತೆರೆಯ ಮೇಲೆ ಹನ್ನೆರಡು ಚೌಕಗಳು. ಒಂದರಲ್ಲಿ ಗಾಯಕಿ, ಒಂದರಲ್ಲಿ ಪಿಟೀಲು, ಕೆಳಗಿನ ಸಾಲಿನ ಎಡತುದಿಯಲ್ಲಿ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಮೃದಂಗದ ಮುಂದೆ ಕೂತ ನಾನು. "ಸಾಗರಗಳನ್ನು ದಾಟಿ ಹನ್ನೆರಡು ಹೃದಯಗಳು ಏಕಕಾಲಕ್ಕೆ ಮಿಡಿದ ಅಪೂರ್ವ ಕ್ಷಣ" ಎಂದು ನಿರೂಪಕರು ಹೇಳಿದರು. ಕೈಮುಗಿದ ಇಮೋಜಿಗಳು, ಕಣ್ಣೀರಿನ ಇಮೋಜಿಗಳು ಸಾಲುಗಟ್ಟಿ ಬಂದವು.

ಆ ಏಕಕಾಲದಲ್ಲಿ ನಾನು ಇರಲಿಲ್ಲ. ನನ್ನ ಭಾಗವನ್ನು ಹದಿನೈದು ದಿನ ಮೊದಲೇ, ರಾತ್ರಿ ಹನ್ನೊಂದೂವರೆಗೆ, ಬೀದಿನಾಯಿಗಳು ಸುಮ್ಮನಾದ ಮೇಲೆ, ಕಿವಿಯಲ್ಲಿ ಮೆಟ್ರೊನೋಮಿನ ಟಿಕ್ ಟಿಕ್ ಇಟ್ಟುಕೊಂಡು ನುಡಿಸಿ ಕಳಿಸಿಬಿಟ್ಟಿದ್ದೆ. ಗಾಯಕಿ ಹಾಡಿದ್ದು ಅದಾಗಿ ಮೂರು ದಿನಕ್ಕೆ. ಅಂದರೆ ಅವರು ಇನ್ನೂ ಹಾಡಿರದ ಹಾಡಿಗೆ ನಾನು ಪಕ್ಕವಾದ್ಯ ನುಡಿಸಿ ಮುಗಿಸಿದ್ದೆ! ವಿಡಿಯೊದ ಒಂದು ಕಡೆ, ನನ್ನ ಮುಕ್ತಾಯವೊಂದು ಸಮಕ್ಕೆ ಬಂದು ಕೂತಾಗ, ಅವರು ತಲೆದೂಗಿ ನಗುತ್ತಾರೆ. ನೋಡಿದವರೆಲ್ಲ ಆ ನಗುವನ್ನು ಮೆಚ್ಚಿಕೊಂಡರು. ಅವರು ನಕ್ಕಿದ್ದು ಎದುರಿಗಿದ್ದ ಫೋನಿಗೆ. ನಾನು ತಲೆ ಎತ್ತಿ ನೋಡುತ್ತಿದ್ದುದು ಗೋಡೆಯ ಕ್ಯಾಲೆಂಡರನ್ನು.

ಬೇರೆಬೇರೆಯಾಗಿ ಧ್ವನಿಮುದ್ರಿಸಿ ಹೊಲಿಯುವುದು ಪಾಪವೇನಲ್ಲ. ಸಿನಿಮಾ ಹಾಡುಗಳು ಎಷ್ಟೋ ದಶಕಗಳಿಂದ ಹಾಗೇ ಆಗುತ್ತಿವೆ, ನಾವು ಅವನ್ನು ಪ್ರೀತಿಯಿಂದ ಕೇಳಿದ್ದೇವೆ. ಆದರೆ ಅದನ್ನು 'ಒಟ್ಟಿಗೆ ಹಾಡಿದೆವು' ಎಂದು ಕರೆಯುವುದು ಸುಳ್ಳು. ಈ ಸುಳ್ಳು 2020ರ ಬೇಸಿಗೆಯಲ್ಲಿ ಅನಿವಾರ್ಯದ ಸಮಾಧಾನವಾಗಿ ಬಂತು. ಮನೆಬಾಗಿಲು ದಾಟುವಂತಿರಲಿಲ್ಲ, ಒಪ್ಪುತ್ತೇನೆ. ಬಾಗಿಲು ತೆರೆದು ಇಷ್ಟು ವರ್ಷ ಆದಮೇಲೂ ಸುಳ್ಳು ಹೋಗಿಲ್ಲ. ಹೋಗುವ ಬದಲು ಪಾಠದ ಕೋಣೆಗೆ ಬಂದು ಚಾಪೆ ಹಾಸಿಕೊಂಡು ಕೂತಿದೆ. ನನ್ನ ಜಗಳ ಅದರ ಜೊತೆ.

ನಮ್ಮ ಕೆಳಗಿನ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಎರಡು ವರ್ಷದಿಂದ ಬೆಂಗಳೂರಿನ ಟೀಚರೊಬ್ಬರಿಂದ ಮೊಬೈಲಿನಲ್ಲಿ ಹಾಡುಗಾರಿಕೆ ಕಲಿಯುತ್ತಿದ್ದಾಳೆ. ಒಳ್ಳೆಯ ಟೀಚರು, ಶ್ರದ್ಧೆಯಿಂದ ಹೇಳಿಕೊಡುತ್ತಾರೆ. ಪಾಠ ಹೇಗೆ ನಡೆಯುತ್ತದೆಂದರೆ, ಟೀಚರು ಹಾಡುತ್ತಾರೆ. ಎಂಟು ಮಕ್ಕಳೂ ಮ್ಯೂಟಿನಲ್ಲಿದ್ದು ಜೊತೆಗೆ ಹಾಡುತ್ತಾರೆ. ಟೀಚರಿಗೆ ಎಂಟು ಬಾಯಿಗಳು ಆಡುವುದು ಕಾಣುತ್ತದೆ. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರನ್ನೇ ಅನ್‌ಮ್ಯೂಟ್ ಮಾಡಿಸಿ ಒಂದೊಂದು ಸಾಲು ಒಪ್ಪಿಸಿಕೊಳ್ಳುತ್ತಾರೆ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕವಳು, "ಅಂಕಲ್, ನಮ್ಮ ಶ್ರುತಿ ಪೆಟ್ಟಿಗೆ ಮಿಸ್‌ಗೆ ಕೇಳಿಸೋದೇ ಇಲ್ವಂತೆ, ಕೆಟ್ಟೋಗಿದ್ಯಾ ನೋಡಿ" ಅಂದಳು. ಹೋಗಿ ನೋಡಿದೆ. ಪೆಟ್ಟಿಗೆ ಚೆನ್ನಾಗೇ ಇತ್ತು.

ಕೇಳಿಸದೇ ಇದ್ದುದಕ್ಕೆ ಕಾರಣ ಪೆಟ್ಟಿಗೆಯಲ್ಲಿರಲಿಲ್ಲ. ಈ ಮೀಟಿಂಗ್ ತಂತ್ರಾಂಶಗಳು ಮಾತಿಗಾಗಿ ಹುಟ್ಟಿದವು. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಕೇಳಿದರೆ ಫ್ಯಾನೋ ಏಸಿಯೋ ಇರಬೇಕೆಂದು ತಿಳಿದು ಅಳಿಸಿಹಾಕುತ್ತವೆ. ತಂಬೂರಿಯ ಗುಣವೇ ಏರಿಳಿತವಿಲ್ಲದೆ ಒಂದೇ ಸಮನೆ ಬರುವುದು! ನಮ್ಮ ಸಂಗೀತ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಈ ಯಂತ್ರ ಕಸವೆಂದು ಗುಡಿಸುತ್ತದೆ. ಇಬ್ಬರು ಒಟ್ಟಿಗೆ ದನಿ ಎತ್ತಿದರೆ ಒಬ್ಬರದನ್ನು ಇನ್ನೊಬ್ಬರ ಪ್ರತಿಧ್ವನಿಯೆಂದು ತಿಳಿದು ಅದುಮುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಇದು ಸಭ್ಯತೆ, ಸಂಗೀತದ ಪಾಠದಲ್ಲಿ ಕತ್ತು ಹಿಚುಕಿದ ಹಾಗೆ. ಝೂಮಿನಲ್ಲಿ ಸಂಗೀತಗಾರರಿಗಾಗಿ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ತಂಬೂರಿ ಉಳಿಯುತ್ತದೆ. ವಿಳಂಬ ಮಾತ್ರ ಹಾಗೆಯೇ ಇರುತ್ತದೆ.

ವಿಳಂಬದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಪುಟ ತಿರುಗಿಸಬೇಡಿ, ಎರಡನೇ ಕ್ಲಾಸಿನ ಮಗ್ಗಿಗಿಂತ ಕಷ್ಟವಿಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ತುಸು ಹೆಚ್ಚು. ಕಚೇರಿಯಲ್ಲಿ ಗಾಯಕರಿಗೂ ನನಗೂ ಎರಡು ಮೀಟರ್ ಅಂತರವಿದ್ದರೆ ಅವರ ದನಿ ನನ್ನನ್ನು ತಲುಪಲು 6 ಮಿಲಿಸೆಕೆಂಡ್ ಬೇಕು. ಹೀಗೆ ನೋಡಿದರೆ ಎದುರುಬದುರು ಕೂತಾಗಲೂ ಶುದ್ಧ ಏಕಕಾಲವೆಂಬುದು ಇಲ್ಲ. ಪ್ರಶ್ನೆ ಇರುವುದು ಎಷ್ಟು ತಡವಾದರೆ ಸಹಿಸಬಹುದು ಎಂಬುದರಲ್ಲಿ. ತಾಳಬದ್ಧವಾಗಿ ಜೊತೆಗೂಡಿ ನುಡಿಸಲು 25ರಿಂದ 30 ಮಿಲಿಸೆಕೆಂಡ್ ಗಡಿ ಎಂದು ಇದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಗಾಳಿಯಲ್ಲಿ ಅದು ಹತ್ತು ಮೀಟರಿನಷ್ಟು ದೂರ. ನಮ್ಮ ಭಾಷೆ ಜಾಣ ಭಾಷೆ. ಜೊತೆಗೆ ನುಡಿಸುವ ವಾದ್ಯವನ್ನು ಪಕ್ಕವಾದ್ಯ ಎಂದಿತು. ಆ ಪಕ್ಕಕ್ಕೂ ಒಂದು ಅಳತೆ ಇದೆ: ಹತ್ತು ಮೀಟರ್. ಅದರಾಚೆ ಕೂತವನು ಪಕ್ಕದವನಲ್ಲ, ಎದುರುಮನೆಯವನು.

ಮೀಟಿಂಗ್ ತಂತ್ರಾಂಶಕ್ಕೆ ಈ ಅಳತೆ ಬೇಕಿಲ್ಲ. ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ತಡವಾದರೂ ತೊಂದರೆಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ. ತಾಳಕ್ಕೆ ಹಿಡಿದು ನೋಡಿ. ಸೆಕೆಂಡಿಗೊಂದು ಎಣಿಕೆಯಂತೆ ಕೈಯಲ್ಲಿ ತಾಳ ಹಾಕಿ, ಒಂದು ಎಣಿಕೆಯೊಳಗೆ 'ತಕಧಿಮಿ ತಕಜಣು' ಎಂದು ಎಂಟು ಅಕ್ಷರ ಹೇಳಿ. ಒಂದೊಂದು ಅಕ್ಷರಕ್ಕೆ ಸಿಗುವುದು 125 ಮಿಲಿಸೆಕೆಂಡ್. 150 ತಡವಾದರೆ ಒಂದು ಇಡೀ ಅಕ್ಷರವೇ ನುಂಗಿಹೋಗಿ ಇನ್ನೂ ಮಿಕ್ಕುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ನಾನು ಅವರ ದನಿಯನ್ನು 150 ತಡವಾಗಿ ಕೇಳಿ ಅದಕ್ಕೆ ಸರಿಯಾಗಿ ನುಡಿಸುತ್ತೇನೆ. ಅದು ಅವರಿಗೆ ಮುಟ್ಟುವ ಹೊತ್ತಿಗೆ 300 ಆಗಿರುತ್ತದೆ. ಇವನೇಕೋ ಹಿಂದೆ ಬಿದ್ದ ಎಂದು ಅವರು ನನಗಾಗಿ ನಿಧಾನಿಸುತ್ತಾರೆ. ಅವರು ನಿಧಾನಿಸಿದರೆಂದು ನಾನೂ ನಿಧಾನಿಸುತ್ತೇನೆ. ಕೊನೆಗೆ ಇಬ್ಬರೂ 'ನೀವು ಮೊದಲು, ನೀವು ಮೊದಲು' ಎಂದು ಬಾಗಿಲಲ್ಲೇ ನಿಂತುಬಿಡುತ್ತೇವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಇಬ್ಬರನ್ನು ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಬೇಕಾದಷ್ಟೇ ತಡವಾಗಿ ಕೇಳುವಂತೆ ಮಾಡಿ, ಒಂದು ಲಯವನ್ನು ಜೊತೆಗೂಡಿ ತಟ್ಟಲು ಹೇಳಿದರು. ತಡ ಹೆಚ್ಚಿದಂತೆ ಲಯ ಇಳಿಯುತ್ತಾ ಹೋಯಿತು. ನಮ್ಮಲ್ಲಿ ತಡಕ್ಕೂ ವಿಳಂಬ ಎನ್ನುತ್ತೇವೆ, ಇಳಿದ ಕಾಲಕ್ಕೂ ವಿಳಂಬ ಎನ್ನುತ್ತೇವೆ. ಅವರು ಪ್ರಯೋಗಾಲಯದಲ್ಲಿ ಕಂಡುಕೊಂಡ ನಂಟು ನಮ್ಮ ಒಂದೇ ಪದದೊಳಗೆ ಮೊದಲೇ ಇತ್ತಲ್ಲ ಎಂದು ನನಗೆ ಖುಷಿಯಾಯಿತು. ಇನ್ನೂ ಸ್ವಾರಸ್ಯವೆಂದರೆ, ತಡ ಸುಮಾರು 11 ಮಿಲಿಸೆಕೆಂಡಿಗಿಂತ ಕಡಿಮೆಯಾದಾಗ ಜನ ಓಡತೊಡಗಿದರು. ಕಾಲ ಸರಿಯಾಗಿ ನಿಂತದ್ದು ಆ 11ರ ಆಸುಪಾಸಿನಲ್ಲಿ, ಅಂದರೆ ಮೂರೂವರೆ-ನಾಲ್ಕು ಮೀಟರ್ ಅಂತರದಲ್ಲಿ. ಒಂದು ಜಮಖಾನದ ಈ ತುದಿ, ಆ ತುದಿ!

ಇದೇ ಚೇಫ್ ಮತ್ತು ಹುವಾನ್ ಪಾಬ್ಲೊ ಕಾಸೆರೆಸ್ ಸೇರಿ ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶ ಕಟ್ಟಿದರು. ಜರ್ಮನಿಯ ಫೋಲ್ಕರ್ ಫಿಷರ್ 2006ರಲ್ಲಿ ಶುರುಮಾಡಿದ್ದು ಇವತ್ತು ಜ್ಯಾಮುಲಸ್ ಎಂಬ ಹೆಸರಿನಲ್ಲಿದೆ. ಜೆಸ್ಸಿ ಚಾಪೆಲ್ ಬರೆದ ಸೋನೋಬಸ್ ಇದೆ. ಈ ಮೂರೂ ಮುಕ್ತ ತಂತ್ರಾಂಶಗಳು, ಬಿಡಿಗಾಸು ಕೊಡಬೇಕಿಲ್ಲ. ಇಟಲಿಯ ತ್ರಿಯೆಸ್ತೆಯ ಸಂಗೀತ ಶಾಲೆಯವರು ಅಲ್ಲಿನ ಶೈಕ್ಷಣಿಕ ಜಾಲದ ಜೊತೆಗೂಡಿ ಲೋಲಾ ಎಂಬುದನ್ನು ಮಾಡಿ, 2010ರಲ್ಲಿ ತ್ರಿಯೆಸ್ತೆಗೂ ಪ್ಯಾರಿಸ್ಸಿಗೂ ನಡುವೆ ಒಟ್ಟಿಗೆ ನುಡಿಸಿ ತೋರಿಸಿದರು. ಅದು ಬೆಂಗಳೂರಿಗೂ ಮುಂಬೈಗೂ ಇರುವುದಕ್ಕಿಂತ ತುಸು ಹೆಚ್ಚಿನ ದೂರ. ನಮ್ಮ ಸಂಘಟಕರು 2020ರಲ್ಲಿ 'ಏನು ಮಾಡೋದು, ತಂತ್ರಜ್ಞಾನ ಇನ್ನೂ ಬಂದಿಲ್ಲ' ಎನ್ನುವಾಗ ಅದು ಬಂದು ಹತ್ತು ವರ್ಷ ಆಗಿತ್ತು.

ಇವು ಮಾಡುವುದು ದೊಡ್ಡ ಮಾಯಾಜಾಲವನ್ನಲ್ಲ. ಮೀಟಿಂಗ್ ತಂತ್ರಾಂಶ ಮಾಡುವ ಎಷ್ಟೋ ಕೆಲಸಗಳನ್ನು ಇವು ಮಾಡದೇ ಬಿಡುತ್ತವೆ, ಅಷ್ಟೆ. ಸದ್ದನ್ನು ತೊಳೆಯುವುದಿಲ್ಲ, ಯಾರ ದನಿಯನ್ನೂ ಅದುಮುವುದಿಲ್ಲ. ಸೆಕೆಂಡಿಗೆ 48,000 ಮಾದರಿಗಳಂತೆ ಸದ್ದನ್ನು ಹಿಡಿದು, ಅದರಲ್ಲಿ 64 ಅಥವಾ 128 ಮಾದರಿ ಆಗುತ್ತಿದ್ದಂತೆ ಪೊಟ್ಟಣ ಕಟ್ಟಿ ಸಾಗಿಸಿಬಿಡುತ್ತವೆ. 128 ಎಂದರೆ ಮೂರು ಮಿಲಿಸೆಕೆಂಡೂ ಇಲ್ಲ. ದಾರಿಯಲ್ಲಿ ಒಂದು ಪೊಟ್ಟಣ ಕಳೆದುಹೋದರೆ ಮತ್ತೆ ಕಳಿಸು ಎಂದು ಕೇಳುತ್ತಾ ಕೂರುವುದಿಲ್ಲ. ಹೋದದ್ದು ಹೋಯಿತು, ಚಿಟ್ ಎಂದು ಒಂದು ಸಣ್ಣ ಸದ್ದು, ಮುಂದಿನದು ಬರಲಿ. ಕಚೇರಿಯ ಧರ್ಮವೂ ಇದೇ ತಾನೆ? ಒಂದು ಪೆಟ್ಟು ತಪ್ಪಿತೆಂದು ಯಾರೂ ತಾಳ ನಿಲ್ಲಿಸಿ ಹಿಂದಕ್ಕೆ ಹೋಗುವುದಿಲ್ಲ. ಪೊಟ್ಟಣಗಳು ಹಿಂದುಮುಂದಾಗಿ ಬರುವುದಕ್ಕೆ ಮಾತ್ರ ಒಂದಿಷ್ಟು ದಾಸ್ತಾನು ಇಟ್ಟುಕೊಳ್ಳಬೇಕು. ಪಂಕ್ತಿಯಲ್ಲಿ ಬಡಿಸುವವನು ಕೈಯಲ್ಲಿ ತುಸು ಅನ್ನ ಉಳಿಸಿಕೊಂಡಿರುತ್ತಾನಲ್ಲ, ಹಾಗೆ. ದಾಸ್ತಾನು ಹೆಚ್ಚಾದರೆ ತಡ, ಕಡಿಮೆಯಾದರೆ ಎಲೆ ಖಾಲಿ. ಕಲೆ ಇರುವುದು ಅದನ್ನು ಹದಮಾಡುವುದರಲ್ಲಿ.

ಇದನ್ನೆಲ್ಲ ಓದಿ ಸುಮ್ಮನಿರಲಾರದೆ ಶಿವಮೊಗ್ಗದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹಾಡುಗಾರ, ನಾನಿರುವುದು ಮೈಸೂರು, ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ. ನಡುವೆ ಇನ್ನೂರೈವತ್ತು ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಅವನು ನನ್ನಿಂದ ಅರ್ಧ ಮೀಟರಿನಷ್ಟೂ ದೂರವಿಲ್ಲ, ನನ್ನ ಜಮಖಾನದ ಮೇಲೇ ಕೂತಿದ್ದಾನೆ! ಮೊದಲ ದಿನ ಏನಾಯಿತೆಂದು ಹೇಳಿದರೆ ನಗುತ್ತೀರಿ. ಅವನು ಕುತ್ತಿಗೆಗೆ ಹಾಕಿಕೊಳ್ಳುವ ಬ್ಲೂಟೂತ್ ತೊಟ್ಟು ಬಂದಿದ್ದ. ಅದೊಂದೇ ನೂರು ನೂರೈವತ್ತು ಮಿಲಿಸೆಕೆಂಡ್ ತಿನ್ನುತ್ತದೆ. ಶಿವಮೊಗ್ಗದಿಂದ ಮೈಸೂರಿಗೆ ಒಂದೂಕಾಲು, ಲ್ಯಾಪ್‌ಟಾಪಿನಿಂದ ಕಿವಿಗೆ ನೂರೈವತ್ತು. "ಮಾರಾಯಾ, ದಾರಿಗಿಂತ ಹೊಸ್ತಿಲೇ ದೂರ ಆಯ್ತಲ್ಲ" ಅಂದ. ಎರಡನೇ ದಿನ ವೈಫೈ ತೊಂದರೆ. ಮೂರನೇ ದಿನ ತಂತಿ ಹಾಕಿ, ಪೊಟ್ಟಣಗಳು ಹೋಗುವ ಹಾದಿಯನ್ನು ಹುಡುಕಿದೆ. ಅವನದೊಂದು ಕಂಪನಿಯ ಜೋಡಣೆ, ನನ್ನದು ಇನ್ನೊಂದು. ಅವೆರಡೂ ಕೈಕುಲುಕುತ್ತಿದ್ದುದು ಚೆನ್ನೈಯಲ್ಲಿ. ಶಿವಮೊಗ್ಗದ ಆಲಾಪನೆ ಚೆನ್ನೈಗೆ ಹೋಗಿ ಅಪ್ಪಣೆ ಪಡೆದು ಮೈಸೂರಿಗೆ ಬರುತ್ತಿತ್ತು. (ಸಂಗೀತಲೋಕದಲ್ಲಿ ಇದು ಹಳೆಯ ಸಂಪ್ರದಾಯ ಅಂತ ನೀವು ಗೊಣಗಿದರೆ ನಾನು ಕೇಳಿಸಿಕೊಳ್ಳಲಿಲ್ಲ.) ಕೊನೆಗೆ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ತಿಂಗಳ ಬಾಡಿಗೆಗೆ ಒಂದು ಪುಟ್ಟ ಸರ್ವರ್ ಹಿಡಿದು ಅದರ ಮೇಲೆ ಜ್ಯಾಮುಲಸ್ ಕೂರಿಸಿದೆ. ಬಾಡಿಗೆ ಎಷ್ಟೆಂದರೆ, ಅದರಲ್ಲಿ ಇಬ್ಬರು ಹೋಟೆಲಿಗೆ ಹೋಗಿ ಒಂದು ಹೊತ್ತು ಊಟ ಮಾಡಿ ಬರಬಹುದು, ಅಷ್ಟು.

ಆ ರಾತ್ರಿ ತೆರೆಯ ಮೇಲೆ ಒಟ್ಟು ವಿಳಂಬ ಮೂವತ್ತರ ಆಚೀಚೆ ಆಡುತ್ತಿತ್ತು. ಗೆಳೆಯ ಮಿಶ್ರಛಾಪಿನ ಕೃತಿಯೊಂದನ್ನು ಎತ್ತಿಕೊಂಡ. ಮೊದಲ ಎರಡು ಆವರ್ತ ನಾನು ತಡಬಡಿಸಿದೆ. ಹಾಡುವವನು ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಸರ್ವರಿನಿಂದ ಹಿಂದಿರುಗಿ ಬಂದ ಸದ್ದನ್ನಷ್ಟೇ ನಂಬಿ ಹಾಡಬಹುದು. ಮೃದಂಗ ಹಾಗಲ್ಲ, ಅದು ತೊಡೆಯ ಮೇಲೇ ಇದೆ, ಮೂಳೆಯಲ್ಲೇ ಕೇಳುತ್ತದೆ. ಕೈಗೂ ಕಿವಿಗೂ ನಡುವಿನ ಆ ಸಣ್ಣ ಬಿರುಕಿಗೆ ಹೊಂದಿಕೊಳ್ಳಲು ಒಂದು ವಾರ ಬೇಕಾಯಿತು. ಆದರೆ ಆ ಮೊದಲ ರಾತ್ರಿಯೇ ಒಂದು ಸಂಗತಿ ನಡೆಯಿತು. ಅನುಪಲ್ಲವಿಯ ಎತ್ತುಗಡೆಗೆ ಮೊದಲು ಅವನು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಮೀಟಿಂಗ್ ತಂತ್ರಾಂಶ ಅದನ್ನು ಗದ್ದಲವೆಂದು ಎಸೆದಿರುತ್ತಿತ್ತು. ಪಕ್ಕವಾದ್ಯದವನು ಬದುಕುವುದೇ ಆ ಉಸಿರಿನ ಮೇಲೆ. ಎಲ್ಲಿ ಎತ್ತುತ್ತಾನೆ, ಎಷ್ಟು ಉದ್ದ ಹೋಗುತ್ತಾನೆ, ನಾನು ಬಿಡಬೇಕೋ ತುಂಬಬೇಕೋ ಎಲ್ಲವೂ ಅದರಲ್ಲಿದೆ. ನಾನು ಒಂದು ಪೆಟ್ಟು ಬಿಟ್ಟೆ, ಅವನು ಆ ಖಾಲಿಯೊಳಕ್ಕೆ ಒಂದು ಸಂಗತಿ ಇಳಿಸಿದ. ಇಬ್ಬರೂ ಮೊದಲೇ ಮಾತಾಡಿಕೊಂಡದ್ದಲ್ಲ ಅದು. ಹನ್ನೆರಡು ಚೌಕದ ಸ್ವರಾಂಜಲಿಯಲ್ಲಿ ಇಂಥದ್ದು ನಡೆಯುವ ಸಾಧ್ಯತೆಯೇ ಇಲ್ಲ, ಯಾಕೆಂದರೆ ಅಲ್ಲಿ ಎಲ್ಲವೂ ಮೊದಲೇ ಆಗಿಹೋಗಿರುತ್ತದೆ.

ಈಗ ಜಗಳಕ್ಕೆ ಬರುತ್ತೇನೆ. ಮೊದಲನೆಯದು 'ಜಗತ್ತಿನ ಎಲ್ಲಿಂದಲಾದರೂ ಗುರುಗಳ ಜೊತೆಗೂಡಿ ಹಾಡಿ' ಎಂದು ಜಾಹೀರಾತು ಕೊಡುವವರ ಜೊತೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಭೂಮಿಯ ಮೈಮೇಲೆ ಅತಿ ಹತ್ತಿರದ ದಾರಿಯಲ್ಲಿ ಹೋದರೂ ಸುಮಾರು 14,000 ಕಿಲೋಮೀಟರು. ಅಷ್ಟು ದೂರಕ್ಕೆ ಗಾಜಿನೆಳೆಯಲ್ಲಿ ಬೆಳಕಿಗೇ 70 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ತಂತಿಗಳೇನೂ ನೇರ ಹೋಗುವುದಿಲ್ಲ, ಆದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ನಾಳೆ ಯಾವ ಮೇಧಾವಿ ಎಂಥ ಆ್ಯಪ್ ಬರೆದರೂ ಇದನ್ನು ಮೂವತ್ತಕ್ಕೆ ಇಳಿಸಲಾರ. ಇದು ಬೆಳಕಿನ ಜೊತೆಗಿನ ವ್ಯಾಜ್ಯ, ಅಪೀಲು ಇಲ್ಲ. ಇದನ್ನು ಮಾರುವವರು ಸುಳ್ಳು ಮಾರುತ್ತಿದ್ದಾರೆ, ಮತ್ತು ಕೊಳ್ಳುತ್ತಿರುವವರು ಊರು ಬಿಟ್ಟು ಹೋದ ನಮ್ಮವರೇ, ಮಕ್ಕಳಿಗೆ ಒಂದಿಷ್ಟು ಹಾಡು ಬರಲಿ ಎಂಬ ಆಸೆಯಿಂದ.

ಎರಡನೆಯ ಜಗಳ ಇದಕ್ಕೆ ತದ್ವಿರುದ್ಧ ತುದಿಯವರದು. 'ಸಂಗೀತ ಗುರುಮುಖೇನ ಬರಬೇಕು, ಯಂತ್ರದಿಂದ ಆಗುವಂಥದ್ದಲ್ಲ' ಎಂದು ವೇದಿಕೆಯ ಮೇಲೆ ಹೇಳಿ, ಭಾನುವಾರ ಬೆಳಗ್ಗೆ ಆರಕ್ಕೆ ಎದ್ದು ಹೊರದೇಶದ ಮಕ್ಕಳಿಗೆ ಅದೇ ಯಂತ್ರದಲ್ಲಿ ಪಾಠ ಹೇಳುವವರು. ಪಾಠ ಹೇಳಲಿ, ಅದು ಅವರ ಅನ್ನ, ನನಗೆ ಗೌರವವಿದೆ. ನನ್ನ ಸಿಟ್ಟು ಬೇರೆ. ಯಂತ್ರದಿಂದ ಆಗದು ಎಂದು ಮೊದಲೇ ತೀರ್ಮಾನಿಸಿಬಿಟ್ಟವರು, ಯಾವ ಯಂತ್ರದಿಂದ ಆಗದು, ಯಾವುದರಿಂದ ಆದೀತು ಎಂದು ವಿಚಾರಿಸುವ ಗೋಜಿಗೇ ಹೋಗುವುದಿಲ್ಲ. ಕೈಗೆ ಸಿಕ್ಕ ಕೆಟ್ಟ ಯಂತ್ರದಲ್ಲೇ ಪಾಠ ಮಾಡಿ, ಅದು ಕೆಟ್ಟದಾಗಿ ಬಂದಾಗ 'ನೋಡಿದಿರಾ, ನಾನು ಹೇಳಲಿಲ್ಲವೇ' ಎನ್ನುತ್ತಾರೆ. ಇದೇ ಜನ ತಂಬೂರಿಯ ಜೀವಾಳಕ್ಕೆ ದಾರ ಹಾಕಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಆ ಅರ್ಧ ಗಂಟೆಯ ಕಾಲುಭಾಗದಲ್ಲಿ ಒಂದು ತಂತಿ ಸಿಕ್ಕಿಸಿ ಒಂದು ತಂತ್ರಾಂಶ ಹಾಕಿಕೊಳ್ಳಬಹುದು.

ಸಂಗೀತ ಕಲಿಸುವ ನಮ್ಮ ಸಂಸ್ಥೆಗಳ ಬಗ್ಗೆ ಏನು ಹೇಳಲಿ! ಕರ್ನಾಟಕದ ಒಳಗಿನ ದೂರಗಳೆಲ್ಲ ಈ ಮೂವತ್ತರ ಗಡಿಯೊಳಗೆ ಬರುವಂಥವು. ಬೀದರಿನಿಂದ ಚಾಮರಾಜನಗರಕ್ಕೆ ಬೆಳಕು ಐದಾರು ಮಿಲಿಸೆಕೆಂಡಿನಲ್ಲಿ ಬರುತ್ತದೆ. ಬೆಂಗಳೂರಿನಲ್ಲೊಂದು, ಹುಬ್ಬಳ್ಳಿಯಲ್ಲೊಂದು, ಮಂಗಳೂರಿನಲ್ಲೊಂದು ಸರ್ವರ್ ಇಟ್ಟರೆ ನಾಡಿನ ಯಾವ ಮೂಲೆಯ ಹಾಡುಗಾರನಿಗೂ ಇನ್ನೊಂದು ಮೂಲೆಯ ಪಕ್ಕವಾದ್ಯ ಸಿಗುತ್ತದೆ. ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಸಂಸ್ಥೆಗಳನ್ನೂ ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ 2010ರಲ್ಲೇ ಒಪ್ಪಿಗೆ ಕೊಟ್ಟಿತು. ಇಟಲಿಯವರು ಲೋಲಾ ಓಡಿಸಿದ್ದು ಅಂಥ ಜಾಲದ ಮೇಲೆ. ನಮ್ಮಲ್ಲಿ ಅಂಥ ಜಾಲವಿರುವ ಕ್ಯಾಂಪಸ್ಸಿನಲ್ಲಿ ಸಂಗೀತ ವಿಭಾಗದವರೂ ಕಂಪ್ಯೂಟರ್ ವಿಭಾಗದವರೂ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಎದ್ದು ಹೋಗುತ್ತಾರೆ. ನಾನು ಒಂದು ಸಂಸ್ಥೆಗೆ ಹೋಗಿ, ಸರ್ವರಿನ ಖರ್ಚು ನಾನೇ ಕೊಡುತ್ತೇನೆ, ಒಂದು ಕೋಣೆಗೆ ತಂತಿ ಎಳೆಸಿಕೊಡಿ ಎಂದು ಕೇಳಿದೆ. "ಇದಕ್ಕೆ ಸಿಲಬಸ್ಸಿನಲ್ಲಿ ಅವಕಾಶವಿಲ್ಲ" ಎಂಬ ಉತ್ತರ ಬಂತು. ಕಾಗದದಲ್ಲಿ, ಮೊಹರಿನ ಸಮೇತ. ಅಂಥ ಉತ್ತರಕ್ಕೆ ಚೌಕಟ್ಟು ಹಾಕಿಸಬೇಕು.

ನನ್ನ ವಾದದಲ್ಲಿ ಸೋರುವ ಮೂಲೆ ಒಂದಿದೆ, ಅದನ್ನು ಮುಚ್ಚಿಡಬಾರದು. ತಂತಿ, ಲ್ಯಾಪ್‌ಟಾಪು, ಕಿವಿ ಮುಚ್ಚುವ ಹೆಡ್‌ಫೋನು ಯಾರ ಮನೆಯಲ್ಲಿವೆ? ಹಳ್ಳಿಯ ಹುಡುಗನ ಬಳಿ ಇರುವುದು ಅಪ್ಪನ ಮೊಬೈಲು, ಅದೂ ಅಪ್ಪ ಮನೆಗೆ ಬಂದ ಮೇಲೆ. ಮೊಬೈಲ್ ಜಾಲದಲ್ಲಿ ತಡ ಹೆಚ್ಚು ಅನ್ನುವುದಕ್ಕಿಂತ, ಅದು ಒಂದೇ ಸಮನೆ ಇರುವುದಿಲ್ಲ ಎಂಬುದು ದೊಡ್ಡ ಕಾಟ. ಒಂದು ಕ್ಷಣ ಇಪ್ಪತ್ತು, ಮರುಕ್ಷಣ ನೂರು. ಒಂದೇ ಸಮನೆ ತಡವಾಗುವವನ ಜೊತೆ ಹೇಗೋ ನುಡಿಸಬಹುದು, ಮನಸ್ಸು ಬಂದಾಗ ಬರುವವನ ಜೊತೆ ಆಗುವುದಿಲ್ಲ. ಹಾಗಾಗಿ ಇದು ಮನೆಮನೆಗೆ ಆಗುವ ಕೆಲಸವಲ್ಲ. ತಾಲ್ಲೂಕಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಒಂದು ಕೋಣೆ ಬೇಕು. ಅದಕ್ಕೇ ನಾನು ಸಂಸ್ಥೆಗಳ ಬಾಗಿಲು ತಟ್ಟಿದ್ದು.

ಹಾಗಾದರೆ ಬೆಳಕೇ ಬೇಡವೆಂದ ದೂರಗಳಲ್ಲಿ ಏನೂ ಸಾಧ್ಯವಿಲ್ಲವೇ? ಸಾಧ್ಯವಿದೆ, ಪ್ರಾಮಾಣಿಕವಾಗಿದ್ದರೆ. ಕಾಕೋಸ್ ಎಂಬ ಸಂಸ್ಥೆಯವರು 2005ರಲ್ಲಿ ನಿಂಜ್ಯಾಮ್ ಎಂಬ ತಂತ್ರಾಂಶ ಹೊರತಂದರು. ಅದರ ಜಾಣತನ ನನಗೆ ಬಲು ಇಷ್ಟ. ವಿಳಂಬವನ್ನು ಕಡಿಮೆ ಮಾಡಲು ಒದ್ದಾಡುವ ಬದಲು ಅದು ವಿಳಂಬವನ್ನು ಬೇಕೆಂದೇ ಹೆಚ್ಚಿಸಿ ಒಂದು ಇಡೀ ಸುತ್ತಿನಷ್ಟು ಮಾಡುತ್ತದೆ. ನೀವು ಈಗ ನುಡಿಸಿದ್ದು ನನಗೆ ಮುಂದಿನ ಸುತ್ತಿನಲ್ಲಿ, ಸಮದಿಂದ ಸಮಕ್ಕೆ ಕರಾರುವಾಕ್ಕಾಗಿ ಕೇಳುತ್ತದೆ. ಆವರ್ತವೆಂಬ ಕಲ್ಪನೆಯಲ್ಲೇ ಹುಟ್ಟಿಬೆಳೆದ ನಮಗಿಂತ ಇದು ಇನ್ಯಾರಿಗೆ ಬೇಗ ಅರ್ಥವಾದೀತು? ತನಿ ಆವರ್ತನದಲ್ಲಿ ಮೃದಂಗ ಒಂದು ಆವರ್ತ, ಖಂಜಿರ ಒಂದು ಆವರ್ತ ಎಂದು ಹಂಚಿಕೊಳ್ಳುತ್ತೇವಲ್ಲ, ಅದಕ್ಕೆ ಈ ತಂತ್ರ ಒಗ್ಗೀತು. ಗಮಕ ವಾಚನದಲ್ಲಿ ವಾಚನ ಮುಗಿದ ಮೇಲೆ ವ್ಯಾಖ್ಯಾನ. ವ್ಯಾಖ್ಯಾನಕಾರರು ಲಂಡನ್ನಿನಲ್ಲಿದ್ದರೂ ನಷ್ಟವಿಲ್ಲ. ತಾಳಮದ್ದಳೆಯಲ್ಲಿ ಭಾಗವತರೂ ಮದ್ದಳೆಯವರೂ ಒಂದೇ ಚಾವಡಿಯಲ್ಲಿ ಕೂತಿರಲಿ, ಅರ್ಥಧಾರಿಗಳು ಮಾತಿನವರು, ಎಲ್ಲಿಂದಲಾದರೂ ವಾದಿಸಲಿ. ಯಾವುದಕ್ಕೆ ಎಷ್ಟು ಪಕ್ಕ ಬೇಕು ಎಂದು ಪ್ರಕಾರವಾರು ಕೂತು ಲೆಕ್ಕ ಹಾಕುವ ಬದಲು ಎಲ್ಲವನ್ನೂ ಒಂದೇ ಮೀಟಿಂಗ್ ಚೌಕಕ್ಕೆ ತುರುಕಿದ್ದೇವೆ.

ಕೆಳಮನೆಯ ಹುಡುಗಿಯ ವಿಷಯ ಬಾಕಿ ಉಳಿಯಿತು. ಅವಳ ಟೀಚರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. "ನಂಗೆ ಇವೆಲ್ಲ ಗೊತ್ತಾಗಲ್ಲ ಸರ್, ನಡೀತಾ ಇದೆಯಲ್ಲ ಪಾಠ" ಅಂದರು. ಎರಡು ತಿಂಗಳು ಬೆನ್ನು ಹತ್ತಿದ ಮೇಲೆ ಅವರ ಮಗ ತಂತಿ ಜೋಡಿಸಿಕೊಟ್ಟ. ಒಂದು ಶನಿವಾರ ಸಂಜೆ ಹುಡುಗಿಯನ್ನು ನಮ್ಮ ಮನೆಯ ಮೇಜಿನ ಮುಂದೆ ಕೂರಿಸಿ, ದೊಡ್ಡ ಹೆಡ್‌ಫೋನನ್ನು ಅವಳ ಸಣ್ಣ ತಲೆಗೆ ಬಿಗಿಮಾಡಿ, ನಾನು ಇನ್ನೊಂದನ್ನು ಹಾಕಿಕೊಂಡು ಹಿಂದೆ ನಿಂತೆ. ಎರಡೂ ಕಡೆಯ ತಂಬೂರಿ ಒಂದಕ್ಕೊಂದು ಸೇರಿ ತುಂಬಿಕೊಂಡವು. ಟೀಚರು ಸರಳೆ ವರಸೆ ಎತ್ತಿಕೊಂಡರು, ಇವಳೂ ಎತ್ತಿಕೊಂಡಳು. ಎರಡು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಹಾಡಿದ್ದು ಅದೇ ಮೊದಲು. ಮಾಯಾಮಾಳವಗೌಳದ ಎರಡನೇ ಸ್ವರಕ್ಕೇ ಟೀಚರು ನಿಲ್ಲಿಸಿದರು.

"ಪುಟ್ಟಿ, ರಿ ಒಂದೇ ಹಾಡು. ಎಳೆದು ನಿಲ್ಲಿಸು. ನಾನೂ ಹಾಡ್ತೀನಿ."

ಇಬ್ಬರೂ ನಿಲ್ಲಿಸಿದರು. ಒಂದು ಸ್ವರ ಸೆಕೆಂಡಿಗೆ 264 ಸಲ ಕಂಪಿಸಿ ಇನ್ನೊಂದು 260 ಸಲ ಕಂಪಿಸಿದರೆ, ಸೆಕೆಂಡಿಗೆ ನಾಲ್ಕು ಸಲ ಸದ್ದು ಉಬ್ಬಿ ಇಳಿಯುತ್ತದೆ. ಎರಡೂ ದನಿ ಒಂದೇ ಕಿವಿಗೆ ಒಂದೇ ಹೊತ್ತಿಗೆ ಬಂದಾಗ ಮಾತ್ರ ಕೇಳುವ ಅಲೆ ಅದು. ಸರದಿಯ ಮೇಲೆ ಹಾಡಿದರೆ ಎಂದೂ ಕೇಳುವುದಿಲ್ಲ.

"ಮಿಸ್, ಏನೋ ಗುಂಯ್ ಗುಂಯ್ ಅಂತಿದೆ."

"ಹೂಂ. ಅದು ಹೋಗೋವರೆಗೂ ಸ್ವಲ್ಪ ಸ್ವಲ್ಪಾನೇ ಇಳಿಸು. ಎಷ್ಟು ದಿನದಿಂದ ಹೀಗೆ ಹಾಡ್ತಿದ್ದೆ ನೀನು? ನಂಗೆ ಗೊತ್ತೇ ಆಗಿಲ್ವಲ್ಲೇ."

ಹುಡುಗಿ ಕಣ್ಣು ಮುಚ್ಚಿ ಕತ್ತು ವಾರೆಮಾಡಿ ಇಳಿಸತೊಡಗಿದಳು. ಗುಂಯ್ ಎನ್ನುವುದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಹೋಯಿತು. ಆಮೇಲೂ ಅವರಿಬ್ಬರೂ ಆ ಸ್ವರವನ್ನು ಬಿಡಲಿಲ್ಲ. ನಾನು ಹೆಡ್‌ಫೋನ್ ತೆಗೆದಿಟ್ಟು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ.